ಆಲಿವರನಿಗೆ ಹತ್ತು ಪೀರಿಯಡ್ಡು

ಮೂಡಲಪಾಳ್ಯದಲ್ಲಿ ಥೇಮ್ಸ್ ನದಿ ಹರಿಯುವುದಿಲ್ಲ. ಆದರೂ ಅಲ್ಲೊಂದು ‘ಗೋಲ್ಡನ್ ಥೇಮ್ಸ್ ಇಂಟರ್‌ನ್ಯಾಷನಲ್ ಸ್ಕೂಲ್’ ಇದೆ. ಅದರ ಹಿಂಗೋಡೆಗೆ ತಾಗಿಕೊಂಡು ಹರಿಯುವುದು ವೃಷಭಾವತಿಯನ್ನು ಸೇರುವ ಒಂದು ಮೋರಿ. ಊಟದ ಹೊತ್ತಿಗೆ ಗಾಳಿ ಆ ಕಡೆಯಿಂದ ಬೀಸಿತೆಂದರೆ ಮಕ್ಕಳು ಡಬ್ಬಿ ಮುಚ್ಚಿ, ಮೂಗೂ ಮುಚ್ಚಿ, ಥೇಮ್ಸ್ ಬಂತೆಂದು ಕೂಗುತ್ತಾರೆ. ಇಂಗ್ಲಿಷಿನಲ್ಲಿ ಕೂಗುತ್ತಾರೆ. ಕನ್ನಡದಲ್ಲಿ ಕೂಗಿದರೆ ಕೊರಳಿಗೆ ಕಾರ್ಡು ಬೀಳುತ್ತದೆ.

ಕಾರ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಂಗೈ ಅಗಲದ ಹಳದಿ ರಟ್ಟು, ಅದಕ್ಕೊಂದು ಕೆಂಪು ದಾರ. ನಮ್ಮ ಬಾವುಟದ ಬಣ್ಣಗಳೇ ಆಗಬೇಕಿತ್ತೆ ಎಂದು ಕೇಳಬೇಡಿ, ಅಂಗಡಿಯಲ್ಲಿ ಅವೇ ಸಿಕ್ಕಿದ್ದವು. ‘ಇನ್ನು ಮುಂದೆ ನಾನು ಇಂಗ್ಲಿಷನ್ನೇ ಮಾತಾಡುತ್ತೇನೆ’ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಕನ್ನಡ ಪೀರಿಯಡ್ಡು ಬಿಟ್ಟು ಬೇರೆ ಹೊತ್ತಿನಲ್ಲಿ ಕಾಂಪೌಂಡಿನ ಒಳಗೆ ಕನ್ನಡ ಮಾತಾಡಿ ಸಿಕ್ಕಿಬಿದ್ದ ಮಗು ಇದನ್ನು ಹಾಕಿಕೊಂಡು ತಿರುಗಬೇಕು. ಇನ್ನೊಬ್ಬರು ಕನ್ನಡ ಮಾತಾಡುವುದನ್ನು ತಾನೇ ಹಿಡಿದು, ಅವರ ಕೊರಳಿಗೆ ದಾಟಿಸಿದರೆ ಮಾತ್ರ ಬಿಡುಗಡೆ. ‘ಕಾಂಪೌಂಡಿನ ಒಳಗೆ ಯಾರೇ ಆಗಲಿ’ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ. ಬ್ರಿಟಿಷರು ಹೋಗುವಾಗ ರೈಲು ಬಿಟ್ಟು ಹೋದರು ಎನ್ನುತ್ತಾರೆ. ಈ ದಾರವನ್ನೂ ಬಿಟ್ಟು ಹೋದರು. ರಟ್ಟು ನಾವೇ ಕತ್ತರಿಸಿಕೊಂಡೆವು.

ಇಂಥ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿರುವುದೆಂದರೆ ಮೀನಿನ ಅಂಗಡಿಯಲ್ಲಿ ಹೂ ಮಾರಿದ ಹಾಗೆ. ಅದನ್ನು ಮಾಡುತ್ತಿದ್ದವರು ಪದ್ಮನಾಭ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ನೀರಿನ ಫಿಲ್ಟರಿನ ಪಕ್ಕ. ನೀರು ಹಿಡಿಯಲು ಬಂದವರೆಲ್ಲ ಅವರಿಗೆ ‘ಎಕ್ಸ್‌ಕ್ಯೂಸ್ ಮಿ’ ಅನ್ನುತ್ತಿದ್ದರು. ಇಡೀ ದಿನದಲ್ಲಿ ಸಹೋದ್ಯೋಗಿಗಳು ಅವರೊಂದಿಗೆ ಆಡುತ್ತಿದ್ದ ಮಾತು ಅದೊಂದೇ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಶಾಲೆಯ ಕಾರ್ಯದರ್ಶಿ ಮೋಹನ್ ಕುಮಾರ್ ಮೇಷ್ಟ್ರನ್ನು ಕರೆಸಿದರು. ಶಾಲೆಯ ಮಾಲೀಕರೂ ಇವರೇ, ಕಾರ್ಡಿನ ನಿಯಮ ಬರೆದವರೂ ಇವರೇ.

“ಮಿಸ್ಟರ್ ಪದ್ಮನಾಭ, ಮ್ಯಾಥ್ಸ್‌ಗೆ ಆ್ಯಪ್ ಇದೆ. ಸೈನ್ಸ್‌ಗೆ ಲ್ಯಾಬ್ ಇದೆ. ವಾಟ್ ಡೂ ಯು ಹ್ಯಾವ್ ಇನ್ ಕನ್ನಡ?”

“ಕನ್ನಡ ಇದೆ ಸಾರ್.”

“ದಟ್ ಈಸ್ ದ ಪ್ರಾಬ್ಲಮ್.”

ತೀರ್ಮಾನ ಹೀಗಿತ್ತು. ವಾರಕ್ಕೆ ಐದು ಪೀರಿಯಡ್ ಇದ್ದ ಕನ್ನಡ ಮುಂದಿನ ಟರ್ಮಿನಿಂದ ಎರಡಕ್ಕೆ ಇಳಿಯುತ್ತದೆ. ಉಳಿದ ಮೂರು ರೋಬೋಟಿಕ್ಸಿಗೆ. ಮೇಷ್ಟ್ರು ಪಾರ್ಟ್ ಟೈಮ್ ಆಗುತ್ತಾರೆ. ಹಾಗಾಗಬಾರದು ಎಂದಿದ್ದರೆ ರಾಜ್ಯೋತ್ಸವದ ಒಳಗೆ ಆನ್‌ಲೈನ್ ಟೂಲುಗಳನ್ನು ಹಾಕಿ ಕ್ಲಾಸು ಮಾಡಿ ತೋರಿಸಬೇಕು. ರೋಬೋಟುಗಳು ಇನ್ನೂ ಬಂದಿರಲಿಲ್ಲ, ಆದರೆ ಅವು ಕೂರುವ ಜಾಗ ಮೇಷ್ಟ್ರು ಕೂತಿದ್ದ ಜಾಗವೇ ಎಂದು ಗುರುತಾಗಿತ್ತು.

ಮೇಷ್ಟ್ರು ಬೆದರಿದರು, ಆದರೆ ಬೆನ್ನು ತಿರುಗಿಸಲಿಲ್ಲ. ಮೊದಲು ಒಂದು ಕ್ವಿಜ್ ಟೂಲ್ ತಂದರು. ಸರಿ ಉತ್ತರ ಒತ್ತಿದರೆ ‘ಟಿಂಗ್’ ಎಂಬ ಸದ್ದು, ತಪ್ಪು ಒತ್ತಿದರೆ ಪಾತ್ರೆ ಬಿದ್ದ ಸದ್ದು. ಬೇಗ ಒತ್ತಿದವರಿಗೆ ಹೆಚ್ಚು ಅಂಕ ಎಂದು ಗೊತ್ತಾದ ಕೂಡಲೇ ಮಕ್ಕಳು ಪ್ರಶ್ನೆ ಕಾಣಿಸುವ ಮೊದಲೇ ಒತ್ತತೊಡಗಿದರು. ಆರನೇ ಕ್ಲಾಸಿನ ಚೇತನಾ ಕಣ್ಣು ಮುಚ್ಚಿಕೊಂಡು ಒತ್ತಿ ಮೊದಲ ಸ್ಥಾನ ಪಡೆದಳು. ಆಮೇಲೆ ಪದ್ಯವನ್ನು ತಾನೇ ಓದಿಹೇಳುವ ಟೂಲ್ ಬಂತು. ಅದರ ದನಿ ಲಿಫ್ಟಿನಲ್ಲಿ ಬರುವ ದನಿಯ ಹಾಗಿತ್ತು. ತಾಯಿಯನ್ನು ಕುರಿತ ಪದ್ಯ ಮುಗಿದಾಗ ಹಿಂದಿನ ಬೆಂಚಿನಿಂದ ಒಬ್ಬ, “ಸಾರ್, ಯಾವ ಫ್ಲೋರ್ ಬಂತು?” ಎಂದು ಕೇಳಿದ.

ಮೂರನೆಯದು ಚಕ್ರ. ಹೆಸರುಗಳನ್ನು ತುಂಬಿ ಒತ್ತಿದರೆ ಬಣ್ಣಬಣ್ಣದ ಚಕ್ರ ಗರಗರ ತಿರುಗಿ ಒಂದು ಹೆಸರಿನ ಮೇಲೆ ನಿಲ್ಲುತ್ತದೆ, ಪರದೆಯ ತುಂಬ ಕಾಗದದ ಚೂರು ಹಾರುತ್ತದೆ. ಯಾರು ಉತ್ತರ ಹೇಳಬೇಕು ಎಂದು ಅದೇ ಆರಿಸುತ್ತದೆ. ಒಂದೇ ತೊಂದರೆ ಎಂದರೆ, ಪ್ರತಿ ಸಲ ತೆರೆದಾಗಲೂ ಅದರೊಳಗೆ ಕಂಪನಿಯವರೇ ಮಾದರಿಗೆಂದು ಹಾಕಿದ ಒಂದಷ್ಟು ಪರದೇಶಿ ಹೆಸರುಗಳಿರುತ್ತವೆ. ಅವನ್ನು ಅಳಿಸಿ ನಮ್ಮವನ್ನು ಹಾಕಬೇಕು.

ಭಾನುವಾರ ಸಂಜೆ ಮೇಷ್ಟ್ರು ತಮ್ಮ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಚಕ್ರ ತಿರುಗಿಸುವ ಅಭ್ಯಾಸ ಮಾಡುತ್ತಿದ್ದರು. ಆಗ ನೀರಿನ ಮೋಟಾರ್ ಆಫ್ ಮಾಡಿಲ್ಲವೆಂದು ಬಯ್ಯಲು ಕೆಳಗಿನಿಂದ ಮನೆಯ ಓನರ್ ಮುನಿಯಣ್ಣ ಹತ್ತಿ ಬಂದರು. ಚಕ್ರ ನೋಡಿ ಮೋಟಾರು ಮರೆತರು.

“ಏನ್ರೀ ಮೇಷ್ಟ್ರೆ ಇದು? ಇಸ್ಪೀಟಾ?”

“ಛೆ ಛೆ. ಹೆಸರು ಆರಿಸೋ ಯಂತ್ರ ಮುನಿಯಣ್ಣ. ಯಾರ ಹೆಸರು ಬರಬೇಕು ಅಂತ ಅದೇ ನಿರ್ಧಾರ ಮಾಡುತ್ತೆ.”

“ಯಾರ ಕೈವಾಡನೂ ಇರಲ್ವಾ?”

“ಯಾರದ್ದೂ ಇಲ್ಲ.”

“ಮಾದೇವಂದೂ?”

“ಬ್ರಹ್ಮನದ್ದೂ ಇಲ್ಲ.”

ಮುನಿಯಣ್ಣ ನೆಲದ ಮೇಲೆ ಕೂತುಬಿಟ್ಟರು. ಈ ಮಾದೇವ ಎಂದರೆ ಎದುರುಮನೆಯ, ಹಿಟ್ಟಿನ ಗಿರಣಿಯ ಮಹದೇವ್. ಬೀದಿಯಲ್ಲಿ ‘ಕೆಚ್ಚೆದೆಯ ಕನ್ನಡ ಯುವಕರ ಸಂಘ’ ಎಂಬುದೊಂದಿದೆ. ಮುನಿಯಣ್ಣ ಅದರ ಅಧ್ಯಕ್ಷರು, ಮಹದೇವ್ ಗೌರವಾಧ್ಯಕ್ಷರು. ಇಬ್ಬರು ಯುವಕರಿಗೂ ಮಂಡಿನೋವು. ರಾಜ್ಯೋತ್ಸವದ ದಿನ ಬಾವುಟ ಹಾರಿಸುವವರು ಅಧ್ಯಕ್ಷರೋ ಗೌರವಾಧ್ಯಕ್ಷರೋ ಎಂಬುದು ಸಂಘ ಹುಟ್ಟಿದಂದಿನಿಂದ ಬಗೆಹರಿಯದ ಪ್ರಶ್ನೆ. ಹೋದ ವರ್ಷ ಇಬ್ಬರೂ ಒಂದೇ ಹಗ್ಗಕ್ಕೆ ಎರಡು ಕಡೆಯಿಂದ ಕೈ ಹಾಕಿ ಎಳೆದಾಡಿದ್ದರಿಂದ ಬಾವುಟ ಕಂಬದಿಂದ ಕಳಚಿ ಬಿಸಿಬೇಳೆ ಬಾತಿನ ಹಂಡೆಗೆ ಬಿದ್ದಿತ್ತು. ಬಾತಿಗೂ ಬಾವುಟಕ್ಕೂ ಬಣ್ಣ ಹೊಂದಿಕೊಂಡಿದ್ದರಿಂದ ಹುಡುಕಿ ತೆಗೆಯುವುದು ತಡವಾಯಿತು. ನಾಡಿನ ಘನತೆ ಹೀಗೆ ತುಪ್ಪದಲ್ಲಿ ಅದ್ದಿಹೋದ ಮೇಲೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

“ಮೇಷ್ಟ್ರೆ, ಈ ವರ್ಷ ಇದೇ ಹೇಳ್ಲಿ,” ಎಂದರು ಮುನಿಯಣ್ಣ. “ಗುಡೀಲಿ ಹೂ ಪ್ರಸಾದ ಕೇಳಲ್ವಾ, ಹಂಗೆ.”

ಇದು ಮಕ್ಕಳ ಆಟದ್ದು ಎಂದು ಮೇಷ್ಟ್ರು ಎಷ್ಟು ಹೇಳಿದರೂ ಮುನಿಯಣ್ಣ ಕೇಳಲಿಲ್ಲ. ಓನರ್ ಅಲ್ಲವೇ? ಒಪ್ಪಿದರು.

ಮಾರನೆಯ ಸಂಜೆ ಮುನಿಯಣ್ಣನ ಕಾರ್ ಶೆಡ್ಡಿನಲ್ಲಿ ಸಂಘ ಸೇರಿತು. ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಮುನಿಯಣ್ಣನ ಹೆಂಡತಿ ರಾಮಮ್ಮನಿಗೆ ಇದು ಹೂ ಪ್ರಸಾದದ ಹಾಗೆ ಎಂಬುದಷ್ಟೇ ಗೊತ್ತಿತ್ತು. ಹೂ ಪ್ರಸಾದ ಎಂದ ಮೇಲೆ ಪೂಜೆ ಬೇಡವೇ? ಮೇಷ್ಟ್ರು ಮಾದರಿ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಾಗಲೇ ಆಕೆ ಬಂದು, ಪರದೆಯ ಬಲಗಡೆ ಹೆಸರುಗಳ ಪಟ್ಟಿಯ ಮೇಲೆಯೇ ಅರಿಶಿನ ಬಳಿದು, ಅದರ ಮೇಲೊಂದು ಕುಂಕುಮದ ಬೊಟ್ಟಿಟ್ಟು, ಸೇವಂತಿಗೆಯ ಒಂದು ಮಾರು ಇಳಿಬಿಟ್ಟರು.

“ಅಮ್ಮಾ, ಅಲ್ಲಿ ಒಂದು ಹೆಸರು...”

“ಮಾತಾಡ್ಬೇಡಿ ಮೇಷ್ಟ್ರೆ, ಮಂಗಳಾರತಿ ಟೈಮು.”

ಕರ್ಪೂರದ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಮೇಷ್ಟ್ರು ಮುನಿಯಣ್ಣ, ಮಹದೇವ್ ಎಂಬ ಎರಡು ಹೆಸರು ಸೇರಿಸಿದರು. ಇಬ್ಬರೂ ಆರತಿಯ ಮೇಲೆ ಕೈಯಿಟ್ಟು ಕಾಲಭೈರವನ ಆಣೆ ಮಾಡಿದರು. ಚಕ್ರ ಯಾರ ಹೆಸರು ಹೇಳುತ್ತದೋ ಅವರೇ ಹಾರಿಸಬೇಕು, ಬೇರೆಯವರು ತುಟಿ ಬಿಚ್ಚಬಾರದು. ಮೇಷ್ಟ್ರು ಒತ್ತಿದರು. ಸೇವಂತಿಗೆಯ ಮರೆಯಲ್ಲಿ ಚಕ್ರ ತಿರುಗಿತು, ನಿಂತಿತು, ಕಾಗದದ ಚೂರು ಹಾರಿತು. ರಾಮಮ್ಮ ಭಕ್ತಿಯಿಂದ ಹೂವು ಸರಿಸಿದರು.

ಅಲ್ಲಿ ‘ಆಲಿವರ್’ ಎಂದಿತ್ತು.

ಸಂಘ ಪರದೆಯತ್ತ ಬಗ್ಗಿ ಅಕ್ಷರ ಕೂಡಿಸಿ ಓದಿತು. ಕೊನೆಗೆ ಆಟೋ ಓಡಿಸುವ ಶಶಿಕುಮಾರ್, ಸಂಘದಲ್ಲಿ ಮಂಡಿನೋವಿಲ್ಲದ ಏಕೈಕ ಯುವಕ, ಕೇಳಿದ: “ಯಾರ್ ಗುರು ಇದು ಆಲಿವರ್ರು?”

“ಅದು ಯಾರೂ ಅಲ್ಲ!” ಮೇಷ್ಟ್ರು ಬೆವರಿದರು. “ಮಾದರಿ ಹೆಸರು. ಅಳಿಸೋದು ಬಿಟ್ಟುಹೋಯ್ತು. ಇನ್ನೊಂದು ಸಲ ತಿರುಗಿಸ್ತೀನಿ.”

“ಇನ್ನೊಂದ್ ಸಲ?” ಮಹದೇವ್ ಎದ್ದು ನಿಂತರು. “ದೇವರಿಗೆ ಎರಡ್ ಸಲ ಕೇಳ್ತಾರೇನ್ರೀ?”

“ಕೇಳಂಗಿಲ್ಲ,” ಎಂದರು ಮುನಿಯಣ್ಣ. ವರ್ಷದಲ್ಲಿ ಮೊದಲ ಸಲ ಅವರಿಬ್ಬರ ಅಭಿಪ್ರಾಯ ಒಂದಾಗಿತ್ತು. ಕಾರಣ ದೈವಭಕ್ತಿ ಎಂದು ಸಂಘ ತಿಳಿಯಿತು. ನಿಜವಾದ ಕಾರಣ, ಎರಡನೇ ಸಲ ತಿರುಗಿಸಿದರೆ ಇನ್ನೊಬ್ಬನ ಹೆಸರು ಬಂದುಬಿಡಬಹುದು ಎಂಬ ಭಯ. ಕಂಡು ಕೇಳದ ಆಲಿವರ್ ಬೇಕಾದರೆ ಬಾವುಟ ಹಾರಿಸಲಿ; ಎದುರುಮನೆಯವನು ಮಾತ್ರ ಹಾರಿಸಬಾರದು. ನಮ್ಮ ನಾಡಿನ ಎಷ್ಟೋ ಚುನಾವಣೆಗಳು ನಡೆಯುವುದು ಈ ಒಂದು ತತ್ವದ ಮೇಲೆ.

ಆಲಿವರನನ್ನು ಹುಡುಕುವ ಹೊಣೆ ಶಶಿಕುಮಾರನಿಗೆ ಬಿತ್ತು. ನಾಗರಬಾವಿಯ ಬಾಡಿಗೆ ರೂಮುಗಳಲ್ಲೆಲ್ಲ ಕೇಳಿದ. ಲಾ ಓದುವ ಹುಡುಗರು “ಏನ್ ಕೇಸಣ್ಣ?” ಎಂದು ಹಿಂಬಾಲಿಸಿದರು. ಮಹಾಲಕ್ಷ್ಮಿ ಲೇಔಟಿನಲ್ಲಿ ಒಬ್ಬರು, ಈ ಏರಿಯಾದಲ್ಲಿ ಆ ಹೆಸರಿನ ಹೇರ್ ಕಟಿಂಗ್ ಸಲೂನ್ ಇತ್ತು, ಮುಚ್ಚಿಹೋಯಿತು ಎಂದರು. ಕೈಚೆಲ್ಲುವ ಹೊತ್ತಿಗೆ, ಯಶೋದಮ್ಮ ಎಂಬ ಗಿರಾಕಿಯನ್ನು ಅವರ ಬೆಕ್ಕಿನ ಸಮೇತ ವಿಜಯನಗರದ ಒಂದು ಪ್ರಾಣಿ ಕ್ಲಿನಿಕ್ಕಿಗೆ ಬಿಟ್ಟು ಅಲ್ಲೇ ಕಾಯುತ್ತಿದ್ದ. ಒಳಗಿನಿಂದ ಕಾಂಪೌಂಡರ್ ಕೂಗಿದ:

“ಆಲಿವರ್ ಮೋಹನ್ ಕುಮಾರ್! ಆಲಿವರ್ ಮೋಹನ್ ಕುಮಾರ್ ಬನ್ನಿ!”

ಶಶಿಕುಮಾರ್ ಎದ್ದು ಕೈಮುಗಿದ. ಅವನ ಮುಂದೆ ಬಿಸ್ಕತ್ತು ಬಣ್ಣದ, ತುಂಬಿದ ಮೈಯ ಒಂದು ಲ್ಯಾಬ್ರಡಾರ್ ನಾಯಿ ಬಾಲವಾಡಿಸುತ್ತ ಒಳಗೆ ನಡೆಯಿತು.

ಸಂಘದ ತುರ್ತುಸಭೆ ಸೇರಿತು.

“ನಾಯಿ ಕೈಯಾಗೆ ಬಾವುಟ ಕೊಡೋದಾ?” ಎಂದರು ಮಹದೇವ್.

“ನಾಯಿಗೆ ಕೈ ಎಲ್ಲೈತಯ್ಯ?” ಎಂದರು ಮುನಿಯಣ್ಣ.

“ಅದೇ ನಾನೂ ಕೇಳ್ತಿರೋದು!”

ರಾಮಮ್ಮ ಬಾಗಿಲಲ್ಲಿ ನಿಂತು ಮಾತು ಮುಗಿಸಿದರು. “ನೀವು ಆಣೆ ಇಟ್ಟಿದ್ದು ಯಾರ ಮೇಲೆ? ಕಾಲಭೈರವನ ಮೇಲೆ. ಕಾಲಭೈರವನ ವಾಹನ ಯಾವ್ದು? ಆಮೇಲೆ ಹೆಚ್ಚುಕಮ್ಮಿ ಆದ್ರೆ ನನ್ನನ್ನ ಕೇಳ್ಬೇಡಿ.”

ಸಭೆಯಲ್ಲಿದ್ದ ಒಂದೊಂದು ಕೂದಲೂ ನೆಟ್ಟಗಾಯಿತು. ಮೇಷ್ಟ್ರು ಅಂತರಜಾಲ, ಸಂಭವನೀಯತೆ ಎಂದೇನೋ ಬಿಡಿಸಿ ಹೇಳಲು ಹೋದರು. ಅಷ್ಟರಲ್ಲಿ ಎಲ್ಲರೂ ಅವರ ಲ್ಯಾಪ್‌ಟಾಪಿಗೆ ಕೈಮುಗಿಯುತ್ತಿದ್ದರು.

ಹಣ್ಣು, ಹೂವು, ವೀಳ್ಯದೆಲೆ ಹಿಡಿದು ಸಂಘ ಬಸವೇಶ್ವರನಗರಕ್ಕೆ ಹೊರಟಿತು. ಆಲಿವರನ ಯಜಮಾನ ಮೋಹನ್ ಕುಮಾರ್ ಎಂದರೆ ತಮ್ಮ ಕಾರ್ಯದರ್ಶಿಗಳೇ ಎಂದು ಮೇಷ್ಟ್ರಿಗೆ ತಿಳಿದದ್ದು ಗೇಟಿನ ಮುಂದೆ ನಿಂತಾಗ. ಓಡಿಹೋಗಲು ನೋಡಿದರು. ಮುನಿಯಣ್ಣ ರಟ್ಟೆ ಹಿಡಿದಿದ್ದರು.

ಮೋಹನ್ ಕುಮಾರ್ ತಟ್ಟೆ ನೋಡಿದರು, ಹೂವು ನೋಡಿದರು, ಮುಖ ಅರಳಿತು. ವಾರ್ಡ್ ಎಲೆಕ್ಷನ್ನು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕೂತಿದ್ದ ಮನುಷ್ಯ.

“ಫ್ಲ್ಯಾಗ್ ಹಾಯ್ಸ್ಟಿಂಗಾ? ಓ, ಆ್ಯಮ್ ಆನರ್ಡ್. ನಾನು ಬರ್ತೀನಿ.”

“ನೀನ್ ಬಂದ್ರೂ ಸರಿ, ಬರ್ದಿದ್ರೂ ಸರಿ ಕಣೋ ಮೋನ,” ಎಂದರು ಮುನಿಯಣ್ಣ. ಮೂಡಲಪಾಳ್ಯದ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಆ ಬೆಂಚನ್ನು ಮೋಹನ್ ಕುಮಾರ್ ಮರೆತಿದ್ದರು, ಬೆಂಚಿನ ಜೊತೆಗೆ ಭಾಷೆಯನ್ನೂ. “ಆಲಿವರಪ್ಪನೋರು ಬರ್ಬೇಕು.”

ಕಾರ್ಯದರ್ಶಿಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಕಣ್ಣ ಮುಂದೆ ಕ್ಯಾಮೆರಾಗಳು ಮಿಂಚಿದವು. ಬಾವುಟ ಹಾರಿಸುವ ಮನುಷ್ಯನನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ನಾಯಿ ಹಾರಿಸಿದರೆ? ನಾಯಿಯ ಸರಪಳಿ ಹಿಡಿದವನೂ ಕಾಣುತ್ತಾನಲ್ಲ?

“ಡನ್. ಆಲಿವರ್, ಸಿಟ್!”

ಆಲಿವರ್ ಕೂತ. ಆಗ ಶಶಿಕುಮಾರ್ ಬಗ್ಗಿ ನೋಡಿ, “ಆಲಿವರಾ, ಎದ್ದೇಳು,” ಎಂದ. ಏಳಲಿಲ್ಲ. “ಬಾ ಇಲ್ಲಿ,” ಎಂದ. ಬರಲಿಲ್ಲ.

“ಏನ್ ಸಾರ್, ಕನ್ನಡನೇ ಬರಲ್ವಾ?”

“ಹಿ ಈಸ್ ಇಂಗ್ಲಿಷ್ ಟ್ರೇನ್ಡ್.”

ಸಂಘ ಕೆರಳಿತು. ನಾಯಿ ಎಂಬುದನ್ನು ಅದು ಸಹಿಸಿತ್ತು. ಇಂಗ್ಲಿಷ್ ಮೀಡಿಯಂ ನಾಯಿ ಎಂಬುದನ್ನು ಸಹಿಸುವುದು ಹೇಗೆ? “ಕನ್ನಡದ ನೆಲದಾಗೆ, ಕಾವೇರಿ ನೀರ್ ಕುಡ್ಕೊಂಡು, ಒಂದ್ ‘ಬಾ’ ಗೊತ್ತಿಲ್ವಾ?” ಎಂದು ಮಹದೇವ್ ಆಲಿವರನನ್ನೇ ಕೇಳಿದರು. ಎದುರುಮನೆಯ ಮುನಿಯಣ್ಣನ ಮೊಮ್ಮಕ್ಕಳಿಗೂ ಗೊತ್ತಿರಲಿಲ್ಲ, ಮಹದೇವರ ಸ್ವಂತ ಮೊಮ್ಮಕ್ಕಳಿಗೂ ಗೊತ್ತಿರಲಿಲ್ಲ. ಆ ಮಾತು ಅಲ್ಲಿ ಬರಲಿಲ್ಲ.

ಕಾರ್ಯದರ್ಶಿಗಳು ಸುತ್ತ ನೋಡಿದರು. ಹೂಕುಂಡದ ಹಿಂದೆ ಅವಿತುಕೊಂಡಿದ್ದ ಮೇಷ್ಟ್ರು ಕಂಡರು.

“ಪದ್ಮನಾಭ! ಟೀಚ್ ಹಿಮ್ ಕನ್ನಡ. ಎಷ್ಟು ಪೀರಿಯಡ್ ಬೇಕು?”

“ಭಾಷೆ ಅಂದ್ಮೇಲೆ ವಾರಕ್ಕೆ ಐದಾದ್ರೂ ಬೇಕು ಸಾರ್,” ಎಂದರು ಮೇಷ್ಟ್ರು, ತಾವು ಯಾರ ವಿಷಯ ಮಾತಾಡುತ್ತಿದ್ದೇವೆ ಎಂದು ಮರೆತು.

“ಐದು ಸಾಕಾಗುತ್ತಾ? ಟೇಕ್ ಟೆನ್!”

ಹೀಗೆ ಗೋಲ್ಡನ್ ಥೇಮ್ಸಿನಲ್ಲಿ ಕನ್ನಡಕ್ಕೆ ಸುವರ್ಣಯುಗ ಬಂತು. ಮನುಷ್ಯರ ಮಕ್ಕಳಿಗೆ ಮುಂದಿನ ಟರ್ಮಿನಿಂದ ಎರಡು ಪೀರಿಯಡ್, ನಾಯಿಗೆ ಈಗಿನಿಂದಲೇ ಹತ್ತು.

ಮೈದಾನದ ಬಾವುಟಗಂಬಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೊಂದು ರಬ್ಬರ್ ಮೂಳೆ ಕಟ್ಟಿ ಪಾಠ ಶುರುವಾಯಿತು. ಮೇಷ್ಟ್ರು ಮೊದಲ ದಿನ ಆಲಿವರನಿಗೆ ಕನ್ನಡದ ಹಿರಿಮೆಯ ಬಗ್ಗೆ ಪೀಠಿಕೆ ಹಾಕಿದರು. ಆಲಿವರ್ ನಿದ್ದೆ ಮಾಡಿದ. ಹೀಗೆ ಅವನು ಉಳಿದ ವಿದ್ಯಾರ್ಥಿಗಳಿಗೆ ಸಮನಾದ. ಆಮೇಲೆ ಮೇಷ್ಟ್ರಿಗೆ ಕ್ವಿಜ್ ಟೂಲ್ ನೆನಪಾಯಿತು. “ಎಳಿ” ಎಂದಾಗ ಆಲಿವರ್ ಮೂಳೆ ಕಚ್ಚಿ ಎಳೆದರೆ ಫೋನಿನಲ್ಲಿ ‘ಟಿಂಗ್’ ಒತ್ತಿ ಬಿಸ್ಕತ್ತು ಕೊಟ್ಟರು. “ಬಿಡು” ಎಂದಾಗ ಬಿಟ್ಟರೆ ಟಿಂಗ್, “ಬಾ” ಎಂದಾಗ ಬಂದರೆ ಟಿಂಗ್. ಇಂಗ್ಲಿಷಿಗೆ ಟಿಂಗೂ ಇಲ್ಲ, ಬಿಸ್ಕತ್ತೂ ಇಲ್ಲ. ಸರ್ಕಾರಕ್ಕೆ ಇಷ್ಟು ವರ್ಷಗಳಲ್ಲಿ ಹೊಳೆಯದ ಭಾಷಾನೀತಿ ಇದು. ಆಲಿವರ್ ನೋಡನೋಡುತ್ತಿದ್ದಂತೆ ಕನ್ನಡಿಗನಾದ. ಯಾರಾದರೂ “ಕಮ್” ಎಂದರೆ ಅವರನ್ನು ಕನಿಕರದಿಂದ ನೋಡಿ ಮುಖ ತಿರುಗಿಸತೊಡಗಿದ.

ಅಭ್ಯಾಸ ಕೆಡಬಾರದೆಂದು ಪ್ರಿನ್ಸಿಪಾಲ್ ರಾಗಿಣಿ ಮೇಡಂ ಒಂದು ಆದೇಶ ಹೊರಡಿಸಿದರು. ರಾಜ್ಯೋತ್ಸವದ ಬಾವುಟ ಹಾರುವ ತನಕ ಆಲಿವರನ ಜೊತೆ ಮಾತಾಡುವಾಗ ಕನ್ನಡ ಕಡ್ಡಾಯ. ಅದಕ್ಕೆ ಕಾರ್ಡು ಬೀಳುವುದಿಲ್ಲ. ಮಕ್ಕಳಿಗೆ ಇಷ್ಟು ಸಂದು ಸಾಕಾಯಿತು. ಬೆಲ್ ಹೊಡೆದ ಕೂಡಲೇ ಇಡೀ ಶಾಲೆ ಆಲಿವರನ ಸುತ್ತ ಸೇರುತ್ತಿತ್ತು.

“ಆಲಿವರಾ, ಸುಘೋಷಂಗೆ ಹೇಳು, ನನ್ನ ಸ್ಕೇಲು ವಾಪಸ್ ಕೊಡ್ಲಿ.”

“ಆಲಿವರಾ, ಇವ್ಳಿಗೆ ಹೇಳು, ಸ್ಕೇಲು ಮುರಿದೋಯ್ತು. ಬೇಕಾದ್ರೆ ಅರ್ಧ ಕೊಡ್ತೀನಿ.”

“ಆಲಿವರಾ, ಇವ್ನೊಬ್ಬ ಕೋತಿ ಅಂತ ಹೇಳೋ.”

ನಾಯಿ ಎಡಕ್ಕೂ ಬಲಕ್ಕೂ ತಲೆ ತಿರುಗಿಸಿ ತಿರುಗಿಸಿ ಸುಸ್ತಾಯಿತು. ಮೂರನೇ ದಿನ ಸ್ಟಾಫ್ ರೂಮಿಗೂ ಈ ಕಾಯಿಲೆ ಹರಡಿತು. ಮ್ಯಾಥ್ಸ್ ಮಿಸ್ ನೀರು ಹಿಡಿಯಲು ಬಂದು, ಬಾಗಿಲಲ್ಲಿ ಮಲಗಿದ್ದ ಆಲಿವರನ ಕಡೆ ನೋಡಿಕೊಂಡು, “ಆಲಿವರಾ, ಮೇಷ್ಟ್ರಿಗೆ ಕೇಳಪ್ಪ, ಊಟ ಆಯ್ತಾ ಅಂತ,” ಎಂದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಹೇಳೋಣವೆಂದರೆ ದನಿ ಹೊರಡಲಿಲ್ಲ. “ಎಳಿ” “ಬಿಡು” ಎಂದು ಕೂಗಿ ಕೂಗಿ ಗಂಟಲು ಪೂರ್ತಿ ಕೂತುಹೋಗಿತ್ತು.

ರಾಜ್ಯೋತ್ಸವ ಬಂತು. ಶಾಲೆಯ ಗೇಟಿನ ಮುಂದಿನ ಬೀದಿಯಲ್ಲೇ ಶಾಮಿಯಾನ, ತಮಟೆ, ತೋರಣ, ದೂರದಲ್ಲಿ ಭದ್ರವಾಗಿ ಮುಚ್ಚಳ ಹಾಕಿದ ಬಿಸಿಬೇಳೆ ಬಾತಿನ ಹಂಡೆ. ಚಾನೆಲ್ಲಿನವರೂ ಬಂದಿದ್ದರು. ಮೋಹನ್ ಕುಮಾರ್ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಲ್ಯ ಹಾಕಿ, ಕೈಯಲ್ಲಿ ಆಲಿವರನ ಸರಪಳಿ ಹಿಡಿದು ಬಂದರು. ಆಲಿವರನಿಗೂ ಶಲ್ಯವಿತ್ತು. ಅವನಿಗೆ ಹೆಚ್ಚು ಒಪ್ಪಿತ್ತು.

ಎಳೆಯುವ ಮಾತನ್ನು ಮೇಷ್ಟ್ರು ಹೇಳಬೇಕೆಂದಿತ್ತು. ಮೈಕ್ ಮುಂದೆ ನಿಂತ ಮೇಷ್ಟ್ರು ಬಾಯಿ ತೆರೆದರು. ಗಾಳಿ ಬಂತು. ಮಾತು ಬರಲಿಲ್ಲ.

“ಮೂವ್,” ಎಂದು ಕಾರ್ಯದರ್ಶಿಗಳು ಮೈಕ್ ಕಿತ್ತುಕೊಂಡು ಕ್ಯಾಮೆರಾ ಕಡೆ ನಕ್ಕರು. “ಓಕೆ ಆಲಿವರ್! ಪುಲ್!”

ಆಲಿವರ್ ಆಕಾಶ ನೋಡಿದ.

“ಪುಲ್, ಬೇಬಿ, ಪುಲ್! ಕಮಾನ್!”

ಆಲಿವರ್ ಕಿವಿ ಕೆರೆದುಕೊಂಡ. ತಮಟೆ ನಿಂತಿತು. ಗದ್ದಲದ ಮರೆಯಲ್ಲಿ ಮುನಿಯಣ್ಣ ಒಂದು ಕಡೆಯಿಂದ, ಮಹದೇವ್ ಇನ್ನೊಂದು ಕಡೆಯಿಂದ ಹಗ್ಗದತ್ತ ಒಂದೊಂದೇ ಹೆಜ್ಜೆ ಸರಿಯತೊಡಗಿದರು. ಹಂಡೆಯ ಹತ್ತಿರ ನಿಂತ ಅಡುಗೆಯವರು ಮುಚ್ಚಳದ ಮೇಲೆ ಕೂತರು.

“ಕನ್ನಡದಾಗೆ ಹೇಳೋ ಮೋನ!” ಎಂದು ಮುನಿಯಣ್ಣ ಪಿಸುಗುಟ್ಟಿದ್ದು ಮೈಕಿನಲ್ಲಿ ಬೀದಿಗೆಲ್ಲ ಕೇಳಿತು.

“ಐ... ಐ ಡೋಂಟ್ ರಿಮೆಂಬರ್ ದ ವರ್ಡ್.”

ಆಗ ಗೇಟಿನ ಸರಳುಗಳ ಹಿಂದೆ ಸಾಲಾಗಿ ನಿಂತಿದ್ದ ಮಕ್ಕಳು, ನಾಯಿಯ ಹೆಸರಿನಲ್ಲಿ ವಾರವಿಡೀ ಕನ್ನಡ ಆಡಿ ಪಳಗಿದ ಮಕ್ಕಳು, ಒಂದೇ ಕೊರಳಿನಲ್ಲಿ ಕೂಗಿದರು:

“ಎಳಿಯೋ ಆಲಿವರಾ!”

ಆಲಿವರ್ ಹಾರಿ ಮೂಳೆ ಕಚ್ಚಿ ಎಳೆದ. ಬಾವುಟ ಬಿಚ್ಚಿಕೊಂಡಿತು, ಒಳಗಿದ್ದ ಹೂವೆಲ್ಲ ಕಾರ್ಯದರ್ಶಿಗಳ ಪೇಟದ ಮೇಲೆ ಸುರಿಯಿತು. ಮೇಷ್ಟ್ರು ಟಿಂಗ್ ಒತ್ತಿದರು. ಬೀದಿಗೆ ಬೀದಿಯೇ ಶಿಳ್ಳೆ ಹಾಕಿತು. ಮುನಿಯಣ್ಣ ಮತ್ತು ಮಹದೇವ್, ತನಗೂ ಸಿಗಲಿಲ್ಲ, ಅವನಿಗೂ ಸಿಗಲಿಲ್ಲ ಎಂಬ ಸಂತೋಷದಲ್ಲಿ, ತಬ್ಬಿಕೊಂಡರು.

ಕಾರ್ಯದರ್ಶಿಗಳು ಹೂವು ಕೊಡವಿಕೊಂಡು ಭಾಷಣಕ್ಕೆ ನಿಂತಾಗ ಶಶಿಕುಮಾರ್ ಕೈಯೆತ್ತಿದ.

“ಸಾರ್, ಒಂದ್ ಡೌಟು. ಆಲಿವರ್‌ಗೆ ಹತ್ತು ಪೀರಿಯಡ್ ಕನ್ನಡ ಅಂತೆ. ಸರಿ. ನಿಮ್ಮ ಸ್ಕೂಲಲ್ಲೇ ಓದೋ ನನ್ ಮಗಳು ಚೇತನಾಗೆ ಮುಂದಿನ ಟರ್ಮಿಂದ ಎರಡಂತೆ. ಅವಳೇನ್ ನಾಯಿಗಿಂತ ಕಡೆನಾ ಸಾರ್?”

ಶಿಳ್ಳೆ ನಿಂತಿತು. ಕ್ಯಾಮೆರಾ ಕಾರ್ಯದರ್ಶಿಗಳ ಮುಖದ ಹತ್ತಿರ ಬಂತು.

“ನೋ ನೋ. ಐ ಮೀನ್... ತ್ರೀ. ಮೂರು ಕೊಡ್ತೀವಿ.”

“ನಾಯಿಗೆ ಹತ್ತು!” ಎಂದು ಮಹದೇವ್ ಕೂಗಿದರು.

“ಓಕೆ, ನಾಲ್ಕು!”

“ನಾಯಿಗೆ ಹತ್ತು!” ಎಂದು ಇಡೀ ಬೀದಿ ಕೂಗಿತು.

“ಐದು! ಮೊದ್ಲು ಇದ್ದಷ್ಟೇ ಐದು!”

“ವಾರ್ಡ್ ಎಲೆಕ್ಷನ್ ಯಾವಾಗ ಗುರು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಆರು! ಆರು ಪೀರಿಯಡ್! ಫೈನಲ್!” ಎಂದು ಮೋ‌ಹನ್ ಕುಮಾರ್ ಮೇಜು ಕುಟ್ಟಿದರು. ತಮಟೆ ಮತ್ತೆ ಶುರುವಾಯಿತು. ಮೇಷ್ಟ್ರ ಪೂರ್ತಿ ನೌಕರಿ, ಮೇಲೊಂದು ಪೀರಿಯಡ್ಡಿನ ಸಮೇತ, ಹರಾಜಿನಲ್ಲಿ ಉಳಿಯಿತು.

ಬಾತು ಮುಗಿದು ಜನ ಚದುರಿದ ಮೇಲೆ ಕಾರ್ಯದರ್ಶಿಗಳು ಶಾಲೆಯ ಕಾಂಪೌಂಡಿನೊಳಗೆ ನಿಲ್ಲಿಸಿದ್ದ ಕಾರಿನ ಬಾಗಿಲು ತೆರೆದು ನಿಂತರು. “ಆಲಿವರ್, ಕಮ್.” ಆಲಿವರ್ ಹೊಂಗೆ ಮರದ ಕೆಳಗೆ ಕದಲದೆ ಕೂತಿದ್ದ. “ಇನ್‌ಸೈಡ್! ನೌ!” ಉಹುಂ. ಸರಪಳಿ ಹಿಡಿದು ಎಳೆದರು. ಅವನ ತೂಕ ಅವರನ್ನೇ ಎಳೆಯಿತು. ಕಾರ್ಯದರ್ಶಿಗಳು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾರೂ ಇಲ್ಲವೆಂದುಕೊಂಡು, ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದು, ಬಗ್ಗಿ, ನಾಯಿಯ ಕಿವಿಯಲ್ಲಿ ಸಣ್ಣಗೆ ಹೇಳಿದರು.

“ಬಾರೋ... ಬಾರೋ ನನ್ನಪ್ಪ.”

ಆಲಿವರ್ ಎದ್ದ. ಆದರೆ ಬರಲಿಲ್ಲ; ಏನಕ್ಕೋ ಕಾಯುತ್ತ ಅವರ ಬಾಯನ್ನೇ ನೋಡಿದ. ಕಾರ್ಯದರ್ಶಿಗಳಿಗೆ ಹೊಳೆಯಿತು.

“ಟಿಂಗ್,” ಎಂದರು ಬಾಯಲ್ಲೇ.

“ಸಾರ್.”

ತಿರುಗಿ ನೋಡಿದರೆ ಹಿಂದೆ ಚೇತನಾ, ಅವಳ ಹಿಂದೆ ಅರ್ಧ ಕ್ಲಾಸು, ಅದರ ಹಿಂದೆ ಗಂಟಲಿಗೆ ಮಫ್ಲರ್ ಸುತ್ತಿಕೊಂಡ ಪದ್ಮನಾಭ ಮೇಷ್ಟ್ರು. ಬೆಳಿಗ್ಗೆ ಕಾಂಪೌಂಡಿನಲ್ಲಿ ಅಪ್ಪನನ್ನು “ಅಪ್ಪಾ” ಎಂದು ಕರೆದ ತಪ್ಪಿಗೆ ಹಳದಿ ಕಾರ್ಡು ಚೇತನಾಳ ಕೊರಳಲ್ಲಿತ್ತು. ಅವಳು ಅದನ್ನು ತೆಗೆದಳು. ಶಿಸ್ತಿನ ಹುಡುಗಿ; ಆಲಿವರನ ಹೆಸರಿನ ವಿನಾಯಿತಿ ಬಾವುಟ ಹಾರಿದಾಗಲೇ ಮುಗಿದದ್ದು ಅವಳಿಗೆ ನೆನಪಿತ್ತು. ಇಂಗ್ಲಿಷಿನಲ್ಲಿಯೇ “ಸಾರಿ ಸರ್” ಎಂದು, ಇನ್ನೂ ಬಗ್ಗಿಕೊಂಡೇ ಇದ್ದ ಕಾರ್ಯದರ್ಶಿಗಳ ಪೇಟದ ಮೇಲಿಂದ ದಾರ ದಾಟಿಸಿ ಕೊರಳಿಗೆ ಹಾಕಿದಳು. ‘ಕಾಂಪೌಂಡಿನ ಒಳಗೆ ಯಾರೇ ಆಗಲಿ’ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ.

ಮೂಗಿನ ನೇರಕ್ಕೆ ತೂಗಾಡಿದ ರಟ್ಟನ್ನು ಆಲಿವರ್ ಮೂಸಿದ. ಬಿಸ್ಕತ್ತಿನ ಬಣ್ಣವೇ ಇತ್ತು. ಗಬಕ್ಕನೆ ಬಾಯಿ ಹಾಕಿದ.

“ಲೀವ್! ಆಲಿವರ್, ಲೀವ್ ಇಟ್!”

ಆಲಿವರ್ ಅಗಿಯತೊಡಗಿದ. ‘ಬಿಡು’ ಎಂಬ ಮಾತು ಈಗ ಮೋಹನ್ ಕುಮಾರರ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಸರ್ಕಾರಿ ಶಾಲೆಯ ಬೆಂಚಿನಿಂದ ನೆಟ್ಟಗೆ ಎದ್ದು ಬಂದಂತಿತ್ತು. ಆದರೆ ಅರ್ಧ ಕ್ಲಾಸು ಅವರ ತುಟಿಯನ್ನೇ ನೋಡುತ್ತ ನಿಂತಿತ್ತು. ಅವರು ಬಿಡಿಸಿಕೊಡಿ ಎಂಬಂತೆ ಮೇಷ್ಟ್ರ ಕಡೆ ದೈನ್ಯದಿಂದ ನೋಡಿದರು.

ಮೇಷ್ಟ್ರು ಗಂಟಲು ತೋರಿಸಿ, ಆಗುವುದಿಲ್ಲವೆಂದು ಕೈಯಾಡಿಸಿದರು. ಆಮೇಲೆ ನಿಧಾನವಾಗಿ ಜೇಬಿನಿಂದ ಫೋನ್ ತೆಗೆದು, ಕನ್ನಡಕ ಸರಿಮಾಡಿಕೊಂಡು, ಒತ್ತಿದರು.

ಟಿಂಗ್.

ತನ್ನ ಉತ್ತರ ಸರಿಯಾಗಿದೆ ಎಂದು ತಿಳಿದ ಆಲಿವರ್, ಉಳಿದದ್ದನ್ನೂ ದಾರದ ಸಮೇತ ಅಗಿದು ಚೂರು ಮಾಡಿದ.